ಮನೆಯವರೆಲ್ಲ ಎಲ್ಲಿಗೆ ಹೋದರು?

ಬೊರಿವಲಿ ಪೂರ್ವದಲ್ಲಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲು ದಾಟಿ ಆರೇಳು ಕಿಲೋಮೀಟರ್ ಒಳಗೆ ಹೋದರೆ ಕಾನ್ಹೇರಿ ಗುಡ್ಡ. ಮಳೆಗಾಲದಲ್ಲಿ ಅಲ್ಲಿ ಮೊದಲು ಕಿವಿಗೆ ಬೀಳುವುದು ನೀರಿನ ಸದ್ದು. ಕಪ್ಪು ಬಂಡೆಯ ಮೇಲೆ ಸುರಿದ ಮಳೆ ಬಂಡೆಯಲ್ಲೇ ಕೊರೆದ ಸಣ್ಣ ಕಾಲುವೆಗಳಲ್ಲಿ ಹರಿದು ಗುಹೆಗಳ ಪಕ್ಕದ ತೊಟ್ಟಿಗಳಿಗೆ ಇಳಿಯುತ್ತದೆ. ಅಂಥ ತೊಟ್ಟಿಗೆ ಅಲ್ಲಿನ ಶಾಸನಗಳಲ್ಲಿ 'ಪೋಢಿ' ಎಂದು ಹೆಸರು. ಮಲಗಲು ಕಲ್ಲಿನ ಕಟ್ಟೆ ಇದೆ, ಸಾಲಾಗಿ ಕೂರಲು ಉದ್ದನೆಯ ಕಲ್ಲಿನ ಜಗಲಿ ಇದೆ, ಸೇರಿ ವಂದಿಸಲು ಎತ್ತರದ ಚೈತ್ಯವಿದೆ. ನೂರಕ್ಕೂ ಹೆಚ್ಚು ಗುಹೆಗಳು. ಸುಮಾರು ಸಾವಿರ ವರ್ಷ ಬೌದ್ಧ ಭಿಕ್ಷುಗಳು ಬಾಳಿದ ಊರು ಅದು. ತೊಟ್ಟಿಗಳು ಈಗಲೂ ತುಂಬುತ್ತವೆ.

ನಾನು ಮೊದಲ ಸಲ ಆ ಮೆಟ್ಟಿಲು ಹತ್ತಿದಾಗ ಆರ್ಥರ್ ಸಿ. ಕ್ಲಾರ್ಕರ 'ರಾಂಡೆವೂ ವಿತ್ ರಾಮ' ಓದಿ ಹೆಚ್ಚು ದಿನವಾಗಿರಲಿಲ್ಲ. 1973ರ ಆ ಕಾದಂಬರಿಯಲ್ಲಿ ಸುಮಾರು 50 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ವ್ಯಾಸದ ಉರುಳೆಯೊಂದು ಸೌರಮಂಡಲದೊಳಗೆ ಬರುತ್ತದೆ. ಗ್ರೀಕ್, ರೋಮನ್ ದೇವತೆಗಳ ಹೆಸರೆಲ್ಲ ತೀರಿಹೋಗಿದ್ದರಿಂದ ಖಗೋಳಜ್ಞರು ಅದಕ್ಕೆ ರಾಮನ ಹೆಸರಿಡುತ್ತಾರೆ. ಒಳಗಿಳಿದವರಿಗೆ ಮೆಟ್ಟಿಲು ಕಾಣುತ್ತದೆ, ಬಯಲು ಕಾಣುತ್ತದೆ, ಹೆಪ್ಪುಗಟ್ಟಿದ ಕಡಲು, ಊರಿನಂಥ ಕಟ್ಟಡಗಳು ಕಾಣುತ್ತವೆ, ಕಟ್ಟಿದವರು ಕಾಣುವುದಿಲ್ಲ. ಕಡಲು ಕರಗುತ್ತದೆ, ಯಂತ್ರಜೀವಿಗಳು ಎದ್ದು ತಮ್ಮ ಪಾಡಿಗೆ ಕೆಲಸಕ್ಕೆ ತೊಡಗುತ್ತವೆ, ಮನುಷ್ಯರತ್ತ ತಿರುಗಿಯೂ ನೋಡದೆ ನೌಕೆ ಸೂರ್ಯನನ್ನು ಬಳಸಿ ಹೊರಟುಹೋಗುತ್ತದೆ. ಕಾನ್ಹೇರಿಯ ತೊಟ್ಟಿಯ ಮುಂದೆ ನಿಂತಾಗ ನನಗಾದದ್ದು ಅದೇ ರೋಮಾಂಚನ. ಮನೆ ನಿಂತಿದೆ, ನೀರು ಬರುತ್ತಿದೆ, ಮನೆಯವರೆಲ್ಲಿ?

ಅಂದಿನಿಂದ ಅಳಿದುಹೋದ ಅನ್ಯಲೋಕದವರ ಕಥೆಗಳನ್ನು ಈ ಗುಡ್ಡದ ಪಕ್ಕದಲ್ಲಿಟ್ಟೇ ಓದುತ್ತ ಬಂದಿದ್ದೇನೆ. ಹಾಗೆ ಓದಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಈ ಕಥೆಗಳಿಗೆ ನಾಗರಿಕತೆ ಹುಟ್ಟುವುದು ಗೊತ್ತು, ಆಕಾಶದೆತ್ತರ ಬೆಳೆಯುವುದು ಗೊತ್ತು, ಒಂದೇ ಏಟಿಗೆ ಸಾಯುವುದೂ ಚೆನ್ನಾಗಿ ಗೊತ್ತು. ಮೆಲ್ಲಮೆಲ್ಲನೆ ಬರಿದಾಗುವುದು, ನೆರೆಯವರಲ್ಲಿ ಬೆರೆತುಹೋಗುವುದು, ಇದ್ದೂ ಇಲ್ಲದವರೆನಿಸಿಕೊಳ್ಳುವುದು ಇವಕ್ಕೆ ಅಷ್ಟಾಗಿ ಗೊತ್ತಿಲ್ಲ.

ಈ ಕಥೆಗಳ ಹುಟ್ಟು ಮಂಗಳ ಗ್ರಹದಲ್ಲಿ. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಆ ಗ್ರಹದ ಮೇಲೆ ಗೆರೆಗಳನ್ನು ಕಂಡ. ಅಮೆರಿಕದ ಪರ್ಸಿವಲ್ ಲೋವೆಲ್ 1894ರಲ್ಲಿ ವೀಕ್ಷಣಾಲಯವನ್ನೇ ಕಟ್ಟಿಸಿ, ಅವು ಒಣಗುತ್ತಿರುವ ಲೋಕದ ಜನ ಧ್ರುವದ ಹಿಮದಿಂದ ನೀರು ತರಲು ತೋಡಿದ ಕಾಲುವೆಗಳು ಎಂದು ವಾದಿಸಿದ. ಮುಪ್ಪಾದ ಗ್ರಹ, ಜಾಣ ಜನ, ಬತ್ತುವ ನೀರು: ಒಂದು ಇಡೀ ಸಾಹಿತ್ಯಪ್ರಕಾರಕ್ಕೆ ಇಷ್ಟು ಸಾಕಾಯಿತು. ಎಚ್.ಜಿ. ವೆಲ್ಸ್ 1898ರ 'ದಿ ವಾರ್ ಆಫ್ ದಿ ವರ್ಲ್ಡ್ಸ್'ನಲ್ಲಿ ಆ ಜನರನ್ನು ಭೂಮಿಗೆ ಇಳಿಸಿದ. ಅವನ ಮಂಗಳವಾಸಿಗಳಲ್ಲಿ ಡಾರ್ವಿನ್ ಇದ್ದಾನೆ. ವಿಕಾಸ ಅವರ ಮೈಯನ್ನು ಕರಗಿಸಿ ಮಿದುಳು ಮತ್ತು ಕೈಗಳನ್ನು ಉಳಿಸಿದೆ, ಕೊನೆಗೆ ಭೂಮಿಯ ಸೂಕ್ಷ್ಮಾಣುಗಳಿಗೆ ಅವರು ಬಲಿಯಾಗುತ್ತಾರೆ. ಕಾದಂಬರಿಯ ಮೊದಲ ಪುಟಗಳಲ್ಲೇ ವೆಲ್ಸ್ ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಯುರೋಪಿಯನ್ನರು ಅಳಿಸಿಹಾಕಿದರೆಂದು ಬರೆಯುತ್ತಾನೆ. ಅನ್ಯಲೋಕದವರ ಅಳಿವಿನ ಕಥೆಯ ಬೇರಿನಲ್ಲಿ ಈ ಲೋಕದವರ ಅಳಿವು ಇತ್ತೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ರೇ ಬ್ರಾಡ್ಬರಿ 1950ರ 'ದಿ ಮಾರ್ಷಿಯನ್ ಕ್ರಾನಿಕಲ್ಸ್'ನಲ್ಲಿ ಅದನ್ನೇ ತಿರುವಿಹಾಕಿದರು. ಅಲ್ಲಿ ಹೋಗುವವರು ನಾವು, ಸಾಯುವವರು ಅವರು, ಅದೂ ನಾವು ಒಯ್ದ ಸೀತಾಳೆ ಸಿಡುಬಿನಿಂದ. ಅಮೆರಿಕದ ಮೂಲನಿವಾಸಿಗಳ ಚರಿತ್ರೆಯನ್ನು ಬ್ರಾಡ್ಬರಿ ಕೆಂಪು ಮರಳಿನ ಮೇಲೆ ಮತ್ತೆ ಬರೆದಿದ್ದಾರೆ. 1965ರಲ್ಲಿ ಮ್ಯಾರಿನರ್ 4 ಕಳಿಸಿದ ಚಿತ್ರಗಳಲ್ಲಿ ಕಾಲುವೆ ಕಾಣಲಿಲ್ಲ, ಬರೀ ಕುಳಿಗಳಿದ್ದವು. ಮಂಗಳದ ಜನ ಅಂದು ಎರಡನೇ ಸಲ ಸತ್ತರು.

ಬೆಳವಣಿಗೆಯ ಕಥೆಯಲ್ಲಿ ಒಲಾಫ್ ಸ್ಟೇಪಲ್ಡನ್‌ಗೆ ಸರಿಸಾಟಿ ಇಲ್ಲ ಎಂದೇ ನನ್ನ ಅಭಿಪ್ರಾಯ. 1930ರ 'ಲಾಸ್ಟ್ ಅಂಡ್ ಫಸ್ಟ್ ಮೆನ್'ನಲ್ಲಿ ಇನ್ನೂರು ಕೋಟಿ ವರ್ಷಗಳ ಅವಧಿಯಲ್ಲಿ ಒಂದರ ನಂತರ ಒಂದು 18 ಮಾನವ ಜಾತಿಗಳು ಬಂದುಹೋಗುತ್ತವೆ. 1937ರ 'ಸ್ಟಾರ್ ಮೇಕರ್'ನಲ್ಲಿ ಇಡೀ ವಿಶ್ವದ ನಾಗರಿಕತೆಗಳ ಏಳುಬೀಳು. ಯುಗ, ಮನ್ವಂತರ, ಕಲ್ಪಗಳ ಲೆಕ್ಕ ಕೇಳಿ ಬೆಳೆದ ನಮಗೆ ಆ ಅಳತೆ ಹೊಸದೆನಿಸುವುದಿಲ್ಲ. ಸೋವಿಯತ್ ಖಗೋಳಜ್ಞ ನಿಕೊಲಾಯ್ ಕಾರ್ಡಶೆವ್ 1964ರಲ್ಲಿ ಇದಕ್ಕೊಂದು ಗಣಿತದ ಏಣಿ ಕೊಟ್ಟ: ತನ್ನ ಗ್ರಹದ ಶಕ್ತಿಯನ್ನೆಲ್ಲ ಬಳಸುವವರು ಮೊದಲ ಮೆಟ್ಟಿಲು, ತನ್ನ ನಕ್ಷತ್ರದ್ದನ್ನು ಬಳಸುವವರು ಎರಡನೆಯದು, ಗೆಲಾಕ್ಸಿಯದ್ದನ್ನು ಬಳಸುವವರು ಮೂರನೆಯದು. ಆಮೇಲಿನ ಅನೇಕ ಕಾದಂಬರಿಗಳು ಈ ಏಣಿಯನ್ನೇ ಪ್ರಗತಿ ಎಂದು ಒಪ್ಪಿಕೊಂಡವು. ನನಗೆ ಇಲ್ಲಿ ತಕರಾರಿದೆ. ಕಾನ್ಹೇರಿಯ ಭಿಕ್ಷುಗಳು ಬಳಸಿದ ಶಕ್ತಿ ಎಣ್ಣೆದೀಪದ್ದು, ಎತ್ತಿನದು, ಕೈಯದು. ಆದರೂ ಮಳೆ ನಾಲ್ಕೇ ತಿಂಗಳು ಬೀಳುವ ಬಂಡೆಯ ಮೇಲೆ ವರ್ಷವಿಡೀ ನೀರು ಹಿಡಿದಿಡುವ ವಿದ್ಯೆ ಅವರಿಗೆ ಗೊತ್ತಿತ್ತು. ಅದೇ ಕಾಡಿನೊಳಗೆ 1860ರಲ್ಲಿ ವಿಹಾರ್, 1879ರಲ್ಲಿ ತುಳಸಿ ಕೆರೆಗಳನ್ನು ಕಟ್ಟಿಸಿ ಮುಂಬಯಿಗೆ ನೀರು ಕೊಟ್ಟ ಎಂಜಿನಿಯರರು ನಂಬಿದ್ದೂ ಅದೇ ಮಳೆಯನ್ನು, ಅದೇ ಗುಡ್ಡದ ಇಳಿಜಾರನ್ನು. ನೀರಿನಿಂದ ಅಳೆಯುವ ಏಣಿಯನ್ನು ಯಾವ ಕಾದಂಬರಿಕಾರರಾದರೂ ಕಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸುತ್ತದೆ.

ಇನ್ನು ಅಳಿವಿನ ಬಗೆಗಳು. ಐಸಾಕ್ ಅಸಿಮೊವ್‌ರ 1941ರ 'ನೈಟ್‌ಫಾಲ್' ಕಥೆಯಲ್ಲಿ ಆರು ಸೂರ್ಯರ ಲೋಕಕ್ಕೆ 2049 ವರ್ಷಕ್ಕೊಮ್ಮೆ ಮಾತ್ರ ಕತ್ತಲಾಗುತ್ತದೆ. ಕತ್ತಲು ಕಂಡರಿಯದ ಜನ ಬೆಳಕಿಗಾಗಿ ತಮ್ಮ ಊರುಗಳಿಗೇ ಬೆಂಕಿ ಇಡುತ್ತಾರೆ. ಹಿಂದಿನ ನಾಗರಿಕತೆಗಳೂ ಹೀಗೇ ಸುಟ್ಟುಹೋದವೆಂದು ಗೊತ್ತಾಗುವುದು ಉತ್ಖನನದ ಪದರಗಳಿಂದ. ಕ್ಲಾರ್ಕರ 1955ರ 'ದಿ ಸ್ಟಾರ್'ನಲ್ಲಿ ಸಿಡಿದ ನಕ್ಷತ್ರವೊಂದು ಇಡೀ ಜನಾಂಗವನ್ನು ಬೂದಿಮಾಡಿದೆ. ಸಾವು ಬರುವುದು ಗೊತ್ತಿದ್ದ ಅವರು ತಮ್ಮ ನೆನಪುಗಳನ್ನು ದೂರದ ಗ್ರಹದ ನೆಲಮಾಳಿಗೆಯಲ್ಲಿ ಜೋಡಿಸಿಟ್ಟು ಹೋಗಿದ್ದಾರೆ. 1956ರ 'ಫರ್ಬಿಡನ್ ಪ್ಲಾನೆಟ್' ಚಿತ್ರದ ಕ್ರೆಲ್ ಜನ ಮನಸ್ಸಿನಲ್ಲಿ ನೆನೆದದ್ದನ್ನು ನಿಜಮಾಡುವ ಯಂತ್ರ ಕಟ್ಟಿದರು. ಮನಸ್ಸಿನ ತಳದಲ್ಲಿ ದ್ವೇಷವೂ ಇರುತ್ತದೆ ಎಂಬುದನ್ನು ಮರೆತರು. ಒಂದೇ ರಾತ್ರಿಯಲ್ಲಿ ನಿರ್ನಾಮ. ಎರಡು ಲಕ್ಷ ವರ್ಷಗಳ ನಂತರವೂ ಯಂತ್ರ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತ ಓಡುತ್ತಿರುತ್ತದೆ. ಹಿರೋಶಿಮಾ ನಡೆದು ಹನ್ನೊಂದೇ ವರ್ಷವಾಗಿದ್ದಾಗ ನೋಡಿದವರಿಗೆ ಇದು ಕಟ್ಟುಕಥೆಯಾಗಿ ಕಂಡಿರಲಾರದು.

ಇದೇ ಎಳೆಯನ್ನು ನಮ್ಮ ನೆಲಕ್ಕೆ ತಂದವರು ಜಯಂತ ನಾರಳೀಕರ್. 1938ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಿಂದ ಮರಳಿ 1972ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದ ಅವರು, ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಬೇರೆ ಹೆಸರಿನಲ್ಲಿ 'ಕೃಷ್ಣವಿವರ' ಕಥೆ ಕಳಿಸಿ ಬಹುಮಾನ ಪಡೆದರು. ದೊಡ್ಡ ವಿಜ್ಞಾನಿಯೊಬ್ಬ ತನ್ನ ಹೆಸರಿನ ಭಾರ ಕೆಳಗಿಟ್ಟು ಕಥೆಯನ್ನಷ್ಟೇ ಮುಂದಿಟ್ಟದ್ದು ನನಗೆ ಬಹಳ ಇಷ್ಟವಾದ ಸಂಗತಿ. ಅವರ 1986ರ 'ವಾಮನ ಪರತ ನ ಆಲಾ' ಕಾದಂಬರಿಯಲ್ಲಿ ನೆಲ ಅಗೆಯುವಾಗ ಒಂದು ಪೆಟ್ಟಿಗೆ ಸಿಗುತ್ತದೆ. ಬಹು ಹಿಂದೆ ಬೆಳೆದು ಅಳಿದ ನಾಗರಿಕತೆ ಬಿಟ್ಟುಹೋದದ್ದು ಅದು. ಅದರಲ್ಲಿನ ವಿದ್ಯೆಯಿಂದ ಯಂತ್ರಮಾನವ ಹುಟ್ಟುತ್ತಾನೆ, ಹೆಸರು ವಾಮನ. ಹೆಸರು ಕೇಳಿದೊಡನೆ ಮೂರನೆಯ ಹೆಜ್ಜೆ ಎಲ್ಲಿ ಬೀಳುತ್ತದೆ ಎಂಬುದು ಈ ನಾಡಿನ ಓದುಗನಿಗೆ ಹೊಳೆಯುತ್ತದೆ. ಯಂತ್ರಬುದ್ಧಿಯ ಮಾತು ಮನೆಮನೆ ಸೇರಿರುವ ಈ ದಿನಗಳಲ್ಲಿ ಅದನ್ನು ಮತ್ತೆ ಓದಬೇಕು. ನಾರಳೀಕರ್ 2025ರ ಮೇ ತಿಂಗಳಲ್ಲಿ ತೀರಿಕೊಂಡರು.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಾದಂಬರಿಯನ್ನೇ ತಮ್ಮ ದಾರಿಯಾಗಿ ಹಿಡಿದರು. ಮನು ಅವರು 'ಮಹಾಸಂಪರ್ಕ'ದಲ್ಲಿ ಮಹಾಭಾರತಕ್ಕೂ ಅನ್ಯಲೋಕದವರಿಗೂ ನಂಟು ಕಲ್ಪಿಸಿದರು. ಪೂರ್ಣಚಂದ್ರ ತೇಜಸ್ವಿ ಎರಡು ಭಾಗಗಳಲ್ಲಿ 'ಫ್ಲೈಯಿಂಗ್ ಸಾಸರ್ಸ್' ಕೊಟ್ಟರು. ಆದರೆ ನನ್ನ ಮಟ್ಟಿಗೆ ಈ ವಿಷಯಕ್ಕೆ ಅತಿ ಹತ್ತಿರದ ಕನ್ನಡ ಪುಸ್ತಕ ಅವರ 1980ರ 'ಕರ್ವಾಲೊ'. ಅದರಲ್ಲಿ ಅನ್ಯಗ್ರಹವೇ ಇಲ್ಲ. ಕೋಟ್ಯಂತರ ವರ್ಷ ಹಿಂದಿನ ಹಾರುವ ಓತಿಯೊಂದು ಮಲೆನಾಡಿನ ಕಾಡಿನಲ್ಲಿ ಬದುಕುಳಿದಿದೆ. ಹುಡುಕಿ ಹೋದವರ ಕಣ್ಣೆದುರೇ ಕಣಿವೆಗೆ ಹಾರಿ ಕಾಣದಾಗುತ್ತದೆ. ಅದು ಸಾಯಲಿಲ್ಲ, ನಮ್ಮ ನೋಟದಿಂದ ತಪ್ಪಿಸಿಕೊಂಡಿತು. ಕಾಣದಾಗುವುದಕ್ಕೂ ಇಲ್ಲವಾಗುವುದಕ್ಕೂ ಇರುವ ಅಂತರವನ್ನು ಇಷ್ಟು ಚೆನ್ನಾಗಿ ತೋರಿಸಿದ ಕಥೆ ನಾನು ಇನ್ನೊಂದು ಓದಿಲ್ಲ.

1950ರಲ್ಲಿ ಲಾಸ್ ಅಲಮೋಸ್‌ನ ಊಟದ ಮೇಜಿನಲ್ಲಿ ಎನ್ರಿಕೊ ಫರ್ಮಿ ಕೇಳಿದ್ದೂ ಇಂಥದೇ ಪ್ರಶ್ನೆ: ಇಷ್ಟೊಂದು ನಕ್ಷತ್ರಗಳಿವೆ, ಜನ ಎಲ್ಲಿ? ಅಂಥ ನಾಗರಿಕತೆಗಳು ಎಷ್ಟಿರಬಹುದೆಂದು ಅಂದಾಜಿಸಲು 1961ರಲ್ಲಿ ಫ್ರಾಂಕ್ ಡ್ರೇಕ್ ಬರೆದ ಸಮೀಕರಣದ ಕೊನೆಯ ಅಂಶ, ಸಂದೇಶ ಕಳಿಸಬಲ್ಲ ನಾಗರಿಕತೆ ಎಷ್ಟು ಕಾಲ ಬಾಳುತ್ತದೆ ಎಂಬುದು. ಉಳಿದ ಅಂಶಗಳನ್ನು ಖಗೋಳಜ್ಞರು, ಜೀವವಿಜ್ಞಾನಿಗಳು ಒಂದೊಂದಾಗಿ ಹಿಡಿಯುತ್ತಿದ್ದಾರೆ; ಈ ಕೊನೆಯದಕ್ಕೆ ನಮ್ಮ ಕೈಯಲ್ಲಿರುವುದು ಭೂಮಿಯ ಚರಿತ್ರೆ ಒಂದೇ. ಚೀನಾದ ಲಿಯು ತ್ಸಿಶಿನ್ 2008ರ 'ದಿ ಡಾರ್ಕ್ ಫಾರೆಸ್ಟ್'ನಲ್ಲಿ ಕೊಟ್ಟ ಉತ್ತರ ಭಯಂಕರ: ಎಲ್ಲರೂ ಇದ್ದಾರೆ, ಬೇಟೆಗಾರರಿಗೆ ಹೆದರಿ ಉಸಿರು ಬಿಗಿಹಿಡಿದು ಅಡಗಿದ್ದಾರೆ. ಸ್ಟ್ರುಗಾಟ್‌ಸ್ಕಿ ಸಹೋದರರ 1972ರ 'ರೋಡ್‌ಸೈಡ್ ಪಿಕ್‌ನಿಕ್'ನಲ್ಲಿ ಅವರು ಬಂದು ಹೋಗಿಯಾಗಿದೆ. ದಾರಿಬದಿ ಬುತ್ತಿ ಉಂಡು ಎದ್ದುಹೋದವರ ಕಸದಂತೆ ಅವರ ಸಾಮಾನು ಬಿದ್ದಿದೆ, ಅದರ ಬಳಕೆ ನಮಗೆ ತಿಳಿಯುತ್ತಿಲ್ಲ. ಪೋಲೆಂಡಿನ ಸ್ತಾನಿಸ್ಲಾವ್ ಲೆಮ್ ಇನ್ನೂ ಮುಂದೆ ಹೋದರು. 1968ರ 'ಹಿಸ್ ಮಾಸ್ಟರ್ಸ್ ವಾಯ್ಸ್'ನಲ್ಲಿ ಆಕಾಶದಿಂದ ಸಂದೇಶ ಬಂದಿದೆ, ಅದನ್ನು ಓದುವ ವಿದ್ಯೆ ಭೂಮಿಯಲ್ಲಿ ಯಾರಿಗೂ ಇಲ್ಲ.

ಲೆಮ್ ಅವರ ಆ ಸ್ಥಿತಿ ಬೊರಿವಲಿಯಲ್ಲಿ ನಿಜವಾಗಿಯೇ ಇತ್ತು, ಶತಮಾನಗಳ ಕಾಲ. ಕಾನ್ಹೇರಿಯ ಗೋಡೆಗಳ ತುಂಬ ಬ್ರಾಹ್ಮಿ ಅಕ್ಷರಗಳಿದ್ದವು, ಓದುವವರಿರಲಿಲ್ಲ. 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸರು ಈ ಗುಹೆಗಳ ಬಗ್ಗೆ ಬರೆದಿಟ್ಟದ್ದರಲ್ಲಿ, ಇಲ್ಲಿಂದ ಗುಜರಾತಿನ ಖಂಭಾತಿನವರೆಗೆ ನೆಲದೊಳಗೇ ದಾರಿಯಿದೆ ಎಂಬ ಮಾತಿದೆ. ಕಟ್ಟಿದವರ ಹೆಸರು, ಊರು, ಕಸುಬು ಎಲ್ಲ ಕಣ್ಣೆದುರಿನ ಗೋಡೆಯ ಮೇಲೇ ಕೊರೆದಿತ್ತು. ಓದಲಾಗದವರು ಸುರಂಗದ ಕಥೆ ಕಟ್ಟಿಕೊಂಡರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗಂಟು ಬಿಡಿಸಿದ ಮೇಲೆ ಗೋಡೆಗಳು ಮಾತಾಡತೊಡಗಿದವು: ಸೋಪಾರದ ವ್ಯಾಪಾರಿ, ಕಲ್ಯಾಣದ ಅಕ್ಕಸಾಲಿಗ, ಗುಹೆ ಕೊಟ್ಟವರು, ತೊಟ್ಟಿ ಕೊಟ್ಟವರು.

ಕನ್ನಡಿಗರಿಗೆ ಇಲ್ಲಿ ಇನ್ನೂ ಹತ್ತಿರದ ದನಿಯಿದೆ. 9ನೇ ಶತಮಾನದಲ್ಲಿ ಕೊಂಕಣ ರಾಷ್ಟ್ರಕೂಟರ ಕೈಕೆಳಗೆ ಶಿಲಾಹಾರರ ಆಡಳಿತದಲ್ಲಿತ್ತು. ಕಾನ್ಹೇರಿಯ ಶಾಸನಗಳಲ್ಲಿ ಪುಲ್ಲಶಕ್ತಿ, ಕಪರ್ದಿ ಎಂಬ ಶಿಲಾಹಾರರ ಹೆಸರುಗಳ ಮೇಲೆ ಒಡೆಯನಾಗಿ ಕಾಣುವವನು ಅಮೋಘವರ್ಷ. 'ಕವಿರಾಜಮಾರ್ಗ'ದ ನೃಪತುಂಗನೇ ಅವನು. ಶಕ 765, ಅಂದರೆ ಕ್ರಿ.ಶ. 843ರ ಸುಮಾರಿನ ಶಾಸನದ ದಾನದಲ್ಲಿ ಭಿಕ್ಷುಗಳ ಪುಸ್ತಕಗಳಿಗೆಂದು ಹಣ ಎತ್ತಿಟ್ಟ ಲೆಕ್ಕವಿದೆ. ಇನ್ನೊಂದರಲ್ಲಿ ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಭಕ್ತನೊಬ್ಬ ಧ್ಯಾನದ ಕೋಣೆ ಕಟ್ಟಿಸಿದ್ದಾನೆ. ಕನ್ನಡದ ಉಪಲಬ್ಧ ಮೊದಲ ಗ್ರಂಥ ಮಾನ್ಯಖೇಟದ ಆಸ್ಥಾನದಲ್ಲಿ ರೂಪುಗೊಂಡ ಕಾಲದಲ್ಲೇ, ಅದೇ ರಾಜನ ಹೆಸರಿನ ಕೆಳಗೆ, ಬೊರಿವಲಿಯ ಗುಡ್ಡದಲ್ಲಿ ಪುಸ್ತಕಗಳಿಗೆ ಹಣ ಸಂದಾಯವಾಗುತ್ತಿತ್ತು. ಲೆಕ್ಕ ಕಲ್ಲಿನಲ್ಲಿ ಉಳಿದಿದೆ. ಪುಸ್ತಕಗಳು ಗುಡ್ಡದಲ್ಲಿ ಉಳಿದಿಲ್ಲ.

ಹಾಗಾದರೆ ಕಾನ್ಹೇರಿ ಹೇಗೆ ಬರಿದಾಯಿತು? ಸೂಪರ್‌ನೋವಾ ಇಲ್ಲ, ಕ್ರೆಲ್‌ಗಳ ರಾತ್ರಿ ಇಲ್ಲ. ವ್ಯಾಪಾರದ ದಾರಿಗಳು ಬದಲಾದವು, ದಾನ ಕೊಡುವವರ ಮನೆಗಳಲ್ಲಿ ಬೇರೆ ದೇವರು ಬಂದರು, ಭಿಕ್ಷುಗಳ ಸಂಖ್ಯೆ ಇಳಿಯಿತು. 90ನೇ ಗುಹೆಯಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ, 1009 ಮತ್ತು 1021ನೇ ಇಸವಿಯವು. ಪಾರ್ಸಿಗಳು ಬಂದು, ನೋಡಿ, ತಮ್ಮ ಹೆಸರು ಮತ್ತು ದಿನ ಕೊರೆದು ಹೋಗಿದ್ದಾರೆ. ಅಷ್ಟರಲ್ಲಿ ಅದು ನೋಡಲು ಹೋಗುವ ಜಾಗವಾಗಿತ್ತು ಎಂದು ನನಗನಿಸುತ್ತದೆ. ಇರಾನಿನಿಂದ ನೆಲೆ ತಪ್ಪಿ ಬಂದವರ ಮಕ್ಕಳು ನೆಲೆ ಖಾಲಿಯಾಗುತ್ತಿದ್ದವರ ಮನೆಯಲ್ಲಿ ನಿಂತ ಆ ಗಳಿಗೆಯನ್ನು ಯಾವ ಕಥೆಗಾರನೂ ಬರೆದದ್ದು ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಸಾಕ್ಷಿ ಇರುವಾಗ, ಇಂಥ ಗುಹೆಗಳನ್ನು ಕೊರೆದವರು ಆಕಾಶದಿಂದ ಬಂದವರು ಎನ್ನುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಎರಿಕ್ ಫಾನ್ ಡೆನಿಕೆನ್ 1968ರಲ್ಲಿ 'ಚಾರಿಯಟ್ಸ್ ಆಫ್ ದಿ ಗಾಡ್ಸ್' ಬರೆದಂದಿನಿಂದ ಈ ಮಾತು ನಿಂತಿಲ್ಲ. ಎಲ್ಲೋರದ ಕೈಲಾಸ ದೇವಾಲಯ ಟಿವಿ, ಮೊಬೈಲುಗಳಲ್ಲಿ ಮತ್ತೆಮತ್ತೆ ಅನ್ಯಗ್ರಹದವರ ಪಾಲಾಗುತ್ತಿದೆ. ಅದರ ಕೀರ್ತಿ 8ನೇ ಶತಮಾನದ ರಾಷ್ಟ್ರಕೂಟ ಒಂದನೇ ಕೃಷ್ಣನಿಗೆ ಸಲ್ಲುವಂಥದು. ಕಾನ್ಹೇರಿಯಲ್ಲಿ ಅರ್ಧಕ್ಕೆ ನಿಂತ ಗುಹೆಗಳಿವೆ. ಅಲ್ಲಿ ಉಳಿಯ ಗೆರೆಗಳು ಹಾಗೇ ಇವೆ, ಯಾವ ಕಡೆಯಿಂದ ಬಂಡೆ ತೆಗೆಯುತ್ತ ಬಂದರು ಎಂಬುದು ಬೆರಳಿಟ್ಟು ನೋಡಿದರೆ ತಿಳಿಯುತ್ತದೆ. ಆ ಗೆರೆಗಳ ಮುಂದೆ ನಿಂತ ಮೇಲೂ ಕಲ್ಲುಕುಟಿಗರ ಬೆವರನ್ನು ತಟ್ಟೆಯಲ್ಲಿ ಹಾರಿಬಂದವರಿಗೆ ಬರೆದುಕೊಡುವುದು, ಸತ್ತವರನ್ನು ಇನ್ನೊಮ್ಮೆ ಅಳಿಸಿದಂತೆ. ಕಲ್ಪನೆಗೆ ನನ್ನ ವಿರೋಧವಿಲ್ಲ. ಕ್ಲಾರ್ಕ್ ರಾಮನನ್ನು ಕಲ್ಪಿಸಿದರು, ಯಾರ ದುಡಿಮೆಯನ್ನೂ ಕಸಿಯಲಿಲ್ಲ.

ಬೊರಿವಲಿ ಪಶ್ಚಿಮದ ಮಂಡಪೇಶ್ವರ ಗುಹೆಗೆ ಹೋದರೆ ಅಳಿವಿನ ಇನ್ನೊಂದು ಮುಖ. ಸುಮಾರು 6ನೇ ಶತಮಾನದ ಶೈವಗುಹೆ ಅದು. ಪೋರ್ಚುಗೀಸರ ಕಾಲದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಅದನ್ನು ಚರ್ಚು ಮಾಡಿಕೊಂಡು ಮೇಲೆ ಮಠ ಕಟ್ಟಿದರು. ಈಗ ಗುಹೆಯಲ್ಲಿ ಮತ್ತೆ ಶಿವನಿದ್ದಾನೆ, ಮೇಲಿನ ಮಠದ ಗೋಡೆಗಳು ಪಾಳುಬಿದ್ದಿವೆ. ಒಂದೇ ಬಂಡೆ, ಎರಡು ದೇವರು, ಹಲವು ಆಳಿಕೆ. ಇಲ್ಲಿ 'ಕಣ್ಮರೆಯಾದ ನಾಗರಿಕತೆ' ಎಂದು ಯಾವುದನ್ನು ಕರೆಯುವುದು?

ಅಲ್ಲಿಂದ ದೂರವಿಲ್ಲದ ಎಕ್ಸಾರ್‌ನಲ್ಲಿ ವೀರಗಲ್ಲುಗಳಿವೆ. ಅವುಗಳ ಮೇಲೆ ಹುಟ್ಟು ಹಾಕುವ ಹಡಗುಗಳ ಸಾಲು, ಕಡಲಕಾಳಗ. 13ನೇ ಶತಮಾನದಲ್ಲಿ ಶಿಲಾಹಾರ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ ನಡೆದ ಯುದ್ಧದ ಜೊತೆ ಇವನ್ನು ಜೋಡಿಸುವ ವಿದ್ವಾಂಸರಿದ್ದಾರೆ. ನನ್ನ ಮನಸ್ಸು ಹಿಡಿದದ್ದು ಬೇರೆ. ಶಿವಮೊಗ್ಗ, ಧಾರವಾಡದ ಕಡೆಯ ಯಾವ ಹಳ್ಳಿಯವರನ್ನು ಕರೆತಂದು ಈ ಕಲ್ಲಿನ ಮುಂದೆ ನಿಲ್ಲಿಸಿದರೂ ಅಕ್ಷರದ ಹಂಗಿಲ್ಲದೆ ಓದಿಬಿಡುತ್ತಾರೆ: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸನ್ನಿಧಿ. 1974ರಲ್ಲಿ ಅರೆಸಿಬೊ ದೂರದರ್ಶಕದಿಂದ 1679 ಚುಕ್ಕಿಗಳ ಚಿತ್ರಸಂದೇಶವನ್ನು ಸುಮಾರು 25,000 ಜ್ಯೋತಿರ್ವರ್ಷ ದೂರದ ನಕ್ಷತ್ರಗುಚ್ಛದತ್ತ ಕಳಿಸಿದವರು ಕೂಡ ಸಾಲುಸಾಲಾಗಿ ಚಿತ್ರ ಜೋಡಿಸಿದರು. ಆದರೆ ವೀರಗಲ್ಲು ಓದಲು ನಮಗೆ ಕಲಿಸಿದ್ದು ಊರ ಮುಂದಿನ ಇನ್ನೊಂದು ವೀರಗಲ್ಲು. ಅರೆಸಿಬೊ ಸಂದೇಶ ತಲುಪುವ ಕಡೆ ಅಂಥ ಎರಡನೆಯ ಕಲ್ಲಿಲ್ಲ.

ಕಾನ್ಹೇರಿಗೆ ಹೋಗುವ ಅದೇ ಕಾಡಿನಲ್ಲಿ ವಾರಲಿ ಆದಿವಾಸಿಗಳ ಪಾಡಾಗಳು, ಅಂದರೆ ಹಾಡಿಗಳಿವೆ. ಗುಹೆ ನೋಡಿ ಬರುವ ಜನ ಆ ಮನೆಗಳನ್ನು ಗಮನಿಸದೆ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ಕಾಲದಲ್ಲಿ ನಾನೂ ಹಾಗೇ ಹೋದವನು. ಚಿರತೆ ಓಡಾಡುವ ದಾರಿ ಅವರಿಗೆ ಗೊತ್ತು, ವಾಘೋಬಾ ಎಂಬ ಹುಲಿದೇವರಿಗೆ ಪೂಜೆ ಸಲ್ಲಿಸುವವರು ಅವರು. ಕಾಡು ಉದ್ಯಾನವಾಗಿ, ಉದ್ಯಾನದ ಸುತ್ತ ಕಟ್ಟಡಗಳು ಎದ್ದು, ಅವರು ಇದ್ದಲ್ಲೇ ಹೊರಗಿನವರಾದರು. 'ಮಾರ್ಷಿಯನ್ ಕ್ರಾನಿಕಲ್ಸ್'ನ ಕೊನೆಯ ಕಥೆಯಲ್ಲಿ ಭೂಮಿಯಿಂದ ಓಡಿಬಂದ ಕುಟುಂಬದ ಮಕ್ಕಳು ಮಂಗಳವಾಸಿಗಳನ್ನು ತೋರಿಸು ಎಂದು ಅಪ್ಪನನ್ನು ಕೇಳುತ್ತಾರೆ. ಅಪ್ಪ ಕಾಲುವೆಯ ನೀರಿನಲ್ಲಿ ಅವರ ಮುಖಗಳನ್ನೇ ತೋರಿಸುತ್ತಾನೆ. ಸುಂದರವಾದ ಮುಗಿತಾಯ ಅದು. ಆದರೆ ಪಾಡಾದ ಅಂಗಳದಲ್ಲಿ ನಿಂತು ನೆನೆದರೆ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಹೊಸಬರು ತಾವೇ ಈ ನೆಲದವರು ಎಂದುಕೊಳ್ಳುವ ಮುಂಚೆ, ಹಳಬರು ನಿಜಕ್ಕೂ ಹೋಗಿದ್ದಾರೆಯೇ ಎಂದು ನೋಡಬೇಕಿತ್ತು.

ಮುಂದೆ ನಮ್ಮನ್ನು ಹುಡುಕುವವರಿಗೆಂದು ನಾವೂ ಒಂದು ಗುರುತು ಕಳಿಸಿದ್ದೇವೆ. 1977ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ತಟ್ಟೆಗಳಿವೆ. ಅವುಗಳಲ್ಲಿ 55 ಭಾಷೆಗಳ ಶುಭಾಶಯ, ಕನ್ನಡವೂ ಒಂದು. ಮುಂಬಯಿಯಲ್ಲಿ ಬಾಳಿದ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ವಾಯೇಜರ್ 1 ಹಾರಿದ್ದು ಸೆಪ್ಟೆಂಬರ್ 5ರಂದು. ಹನ್ನೊಂದು ದಿನ ಕಳೆದು, 16ರಂದು, ಕೇಸರಬಾಯಿ ತೀರಿಕೊಂಡರು. 2012ರಲ್ಲಿ ಆ ನೌಕೆ ಸೌರಮಾರುತದ ಎಲ್ಲೆ ದಾಟಿ ನಕ್ಷತ್ರಗಳ ನಡುವಿನ ಬಯಲಿಗೆ ಸೇರಿತು. ತಟ್ಟೆಯ ಹೊದಿಕೆಯ ಮೇಲೆ ಅದನ್ನು ಹೇಗೆ ನುಡಿಸಬೇಕು ಎಂಬುದರ ಗೆರೆಚಿತ್ರವಿದೆ, 14 ಪಲ್ಸಾರ್‌ಗಳನ್ನು ಗುರುತಿಟ್ಟು ಸೂರ್ಯನ ವಿಳಾಸ ಬರೆದಿದೆ. ಕನ್ನಡದ ಆ ಮಾತಿಗೆ ಅರ್ಥ ಬರೆದಿಲ್ಲ. ಅದು ಕೆಲವೇ ಕ್ಷಣ ಕೇಳುತ್ತದೆ, ಕನ್ನಡಿಗರೆಲ್ಲರ ಪರವಾಗಿ ನಮಸ್ಕಾರ ಹೇಳುತ್ತದೆ, ಮುಂದಿನ ಭಾಷೆ ಶುರುವಾಗುತ್ತದೆ.